ರೈಲ್ವೆ ಗೇಟಿನ ಬಳಿ ಹೊರಡದ ಕಾರು

“ಅಜ್ಜಾರೆ, ದುಃಖದಲ್ಲಿ ಇರುವವರಿಗೆ ಎಷ್ಟು ಹೇಳಿದರೆ ಸಾಕಾಗುತ್ತದೆ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಹಾಲಯ್ಯ. ಮಠದ ಹಳೆಯ ಶಿಷ್ಯ. ಊರೂರಿಗೆ ಹೋಗಿ ಪ್ರವಚನ ಹೇಳುವುದು ಅವನ ಕಾಯಕ. ಅವನು ವೇದಿಕೆ ಹತ್ತಿದನೆಂದರೆ ಗದ್ದಲದ ಸಭೆಯೂ ತಣ್ಣಗಾಗುತ್ತಿತ್ತು. ಆ ದಿನ ಮಾತ್ರ ಅವನು ಮಠದ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

“ಯಾರಿಗೆ ಹೇಳಬೇಕಾಗಿದೆ?” ಎಂದು ಗುರುಗಳು ಕೇಳಿದರು.

“ನನ್ನ ಮಗಳಿಗೆ” ಎಂದ ಹಾಲಯ್ಯ.

ಗುರುಗಳಿಗೆ ಸಂಗತಿ ಗೊತ್ತಿತ್ತು. ಮಗಳು ಶಾಂಭವಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಗಂಡನ ಮನೆಯವರು ಬಂದು ನೋಡಿದರು. ಮೈ ಸುಧಾರಿಸಿಕೊಳ್ಳಲಿ ಎಂದು ಅವಳನ್ನು ಇಲ್ಲಿಯೇ ಬಿಟ್ಟು ಹೋದರು. ಅಂದಿನಿಂದ ಹಾಲಯ್ಯ ಮಗಳಿಗೆ ಸಮಾಧಾನ ಹೇಳುತ್ತಲೇ ಇದ್ದ. ಪೂಜೆ ಮುಗಿಸಿ ಬಂದು ಹೇಳುತ್ತಿದ್ದ. ಊಟಕ್ಕೆ ಕುಳಿತಾಗ ಹೇಳುತ್ತಿದ್ದ. ಅವಳು ಹಿತ್ತಲಿಗೆ ಹೋದರೆ ಹಿತ್ತಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಹುಟ್ಟುಸಾವು ಶಿವನ ಕೈಯಲ್ಲಿದೆ ಎಂದ. ಋಣ ಇದ್ದದ್ದು ಇಷ್ಟೇ ಎಂದ. ವಯಸ್ಸು ಚಿಕ್ಕದು, ಮತ್ತೆ ಮಡಿಲು ತುಂಬುತ್ತದೆ ಎಂದ. ಮೊದಮೊದಲು ಅವಳು ಹೂಂ ಎನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು. ಈಗ ತಟ್ಟೆಯ ಮುಂದೆ ಕುಳಿತು ಎರಡು ತುತ್ತು ಕಲಸಿ ಹಾಗೆಯೇ ಏಳುತ್ತಿದ್ದಳು.

“ಇವತ್ತು ಬಾಯಿ ಬಿಟ್ಟಳು, ಅಜ್ಜಾರೆ. ನಾಳೆ ಬೆಳಿಗ್ಗೆ ನನ್ನನ್ನು ದೊಡ್ಡಮ್ಮನ ಊರಿನ ಬಸ್ಸು ಹತ್ತಿಸು ಅಪ್ಪ, ಈ ಮನೆಯಲ್ಲಿ ಇರಲಿಕ್ಕೆ ನನ್ನಿಂದ ಆಗುವುದಿಲ್ಲ, ಅಂದಳು. ಹುಟ್ಟಿದ ಮನೆಯಲ್ಲಿ ಇರಲಿಕ್ಕೆ ಆಗದಂಥದ್ದು ನಾನೇನು ಮಾಡಿದೆ? ನಾಳೆ ಹೋದಳೆಂದರೆ ಮಗಳು ನನ್ನ ಪಾಲಿಗೆ ಇಲ್ಲವಾಗುತ್ತಾಳೆ ಎಂದು ಹೆದರಿಕೆಯಾಗುತ್ತಿದೆ. ಉಳಿದಿರುವುದು ಇವತ್ತಿನ ಸಂಜೆ ಒಂದೇ. ಇನ್ನೇನು ಹೇಳಲಿ? ಯಾವ ವಚನ ಹೇಳಲಿ? ನನಗೆ ದಿಕ್ಕೇ ತೋಚುತ್ತಿಲ್ಲ.”

“ವಚನ ಇರಲಿ. ಮೊದಲು ಒಂದು ಕಾರಿನ ಕತೆ ಕೇಳು” ಎಂದರು ಗುರುಗಳು.

ಹಾಲಯ್ಯ ಕಣ್ಣು ಕಣ್ಣು ಬಿಟ್ಟ.

“ಹಾಗೆ ನೋಡಬೇಡ. ಕಾವಿ ಉಟ್ಟವನಿಗೆ ಇಂಜಿನ್ನಿನ ಉಸಾಬರಿ ಯಾಕೆ ಎಂದುಕೊಂಡೆಯಾ? ಮಠದ ಕಾರು ಕೆಡುವಷ್ಟು ಊರಲ್ಲಿ ಯಾರ ಕಾರೂ ಕೆಡುವುದಿಲ್ಲ. ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಕುಳಿತೇ ನಾನು ಅರ್ಧ ಕಲಿತಿದ್ದೇನೆ. ನಡುವೆ ಬಾಯಿ ಹಾಕದೆ ಕೇಳು.”

ಹೀಗೆಂದು ಗುರುಗಳು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಅವನದೊಂದು ಹಳೆಯ ಪೆಟ್ರೋಲ್ ಕಾರು. ಬಾಡಿಗೆಗೆ ಓಡಿಸುತ್ತಿದ್ದ. ಅವನ ಹೆಂಡತಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರದಲ್ಲಿ ಎರಡು ಸಲ ಅವಳನ್ನು ದೂರದ ಆಸ್ಪತ್ರೆಗೆ ಡಯಾಲಿಸಿಸ್ ಮಾಡಿಸಲು ಕರೆದೊಯ್ಯಬೇಕಿತ್ತು. ಅಲ್ಲಿ ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಪಾಳಿ ಹಿಂದಿನವರಿಗೆ ಹೋಗುತ್ತದೆ. ಪಾಳಿ ತಪ್ಪಿತೆಂದರೆ ಮುಂದಿನ ಪಾಳಿಯವರೆಗೆ ಆ ಹೆಂಗಸಿಗೆ ಉಸಿರು ಎಳೆಯುವುದೇ ಕಷ್ಟ. ಕಾರು ನಡೆದರೆ ಹೆಂಡತಿ ಉಳಿದಳು. ನಿಂತರೆ ಇಲ್ಲ. ಚಾಲಕನ ಲೆಕ್ಕ ಇಷ್ಟೇ.

ದಾರಿಯಲ್ಲಿ ಒಂದು ರೈಲ್ವೆ ಗೇಟು ಇತ್ತು. ಗೇಟು ಬಿತ್ತೆಂದರೆ ಎಲ್ಲರೂ ಇಂಜಿನ್ ಬಂದ್ ಮಾಡಿ ಕೆಳಗಿಳಿಯುತ್ತಾರೆ. ಶೇಂಗಾ ತಿನ್ನುತ್ತಾರೆ, ಊರ ಸುದ್ದಿ ಮಾತಾಡುತ್ತಾರೆ. ರೈಲು ಹೋದ ಮೇಲೆ ಮತ್ತೆ ಚಾಲು ಮಾಡಿಕೊಂಡು ಹೊರಡುತ್ತಾರೆ. ಅದು ಆ ದಾರಿಯ ರೂಢಿ. ಒಂದು ದಿನ ರೈಲು ಹೋಯಿತು, ಗೇಟು ಎದ್ದಿತು, ಎಲ್ಲರ ಗಾಡಿಗಳೂ ಹೊರಟವು. ಇವನ ಕಾರು ಹೊರಡಲಿಲ್ಲ. ಚಾವಿ ತಿರುಗಿಸಿದ. ಇಂಜಿನ್ ಕರಕರ ಎಂದಿತೇ ಹೊರತು ಹಿಡಿಯಲಿಲ್ಲ. ಹಿಂದಿನವರು ಹಾರ್ನ್ ಬಾರಿಸಿದರು. ಒಬ್ಬ ಬಂದು ಅವನ ವಂಶವನ್ನೆಲ್ಲ ನೆನೆದು ಬೈದ. ಕೊನೆಗೆ ಚಾಲಕ ಸಿಟ್ಟಿನಿಂದ ಎಕ್ಸಿಲೇಟರ್ ಪೆಡಲನ್ನು ತಳದವರೆಗೆ ತುಳಿದುಕೊಂಡು ಸೆಲ್ಫ್ ಹೊಡೆದ. ಭುಸ್ಸೆಂದು ಕರಿಹೊಗೆ ಉಗುಳಿ ಇಂಜಿನ್ ಎದ್ದಿತು. ಆ ದಿನ ಪಾಳಿ ಹೇಗೋ ಸಿಕ್ಕಿತು.

ಅವನು ಕಾರನ್ನು ಒಬ್ಬ ಮೆಕ್ಯಾನಿಕ್ ಬಳಿಗೆ ಒಯ್ದ. ಮೆಕ್ಯಾನಿಕ್ ಕೆಲಸ ಬಲ್ಲವನು. ಮನುಷ್ಯನೂ ಒಳ್ಳೆಯವನು. ಆದರೆ ಅವನ ಕೈ ಪಳಗಿದ್ದು ಅದಕ್ಕೂ ಹಿಂದಿನ ಕಾಲದ ಕಾರ್ಬುರೇಟರ್ ಗಾಡಿಗಳಲ್ಲಿ. ಆ ಗಾಡಿಗಳಲ್ಲಿ ಪೆಡಲ್ ತುಳಿದಷ್ಟೂ ಪೆಟ್ರೋಲು ಹೆಚ್ಚು ಹೋಗುತ್ತಿತ್ತು.

“ಪೆಡಲ್ ತುಳಿದ ಮೇಲೆ ಎದ್ದಿತು ಎನ್ನುತ್ತೀಯ. ಹಾಗಾದರೆ ಇಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ. ಹೊಟ್ಟೆಗಿಲ್ಲದೆ ಒದ್ದಾಡುತ್ತಿದೆ” ಎಂದ.

ಹೊಟ್ಟೆಗಿಲ್ಲ ಎಂಬ ಮಾತು ಒಮ್ಮೆ ತಲೆಗೆ ಹೊಕ್ಕಿತೆಂದರೆ ಮುಗಿಯಿತು. ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ. ಕಂಡವರಿಗೆಲ್ಲ ಇನ್ನೊಂದು ರೊಟ್ಟಿ ಬಡಿಸುವ ಜನ ನಾವು.

ಮೆಕ್ಯಾನಿಕ್ ಪೆಟ್ರೋಲು ಸೋಸುವ ಫಿಲ್ಟರ್ ತೆಗೆದು ಹೊಸದನ್ನು ಹಾಕಿದ. ಬೆಳಿಗ್ಗೆ ಗ್ಯಾರೇಜಿನಲ್ಲಿ ಚಾವಿ ತಿರುಗಿಸಿದ ಕೂಡಲೇ ಇಂಜಿನ್ ಎದ್ದಿತು. ನೋಡಿದೆಯಾ ಎಂದ. ಚಾಲಕ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಗೇಟು ಬಿದ್ದಿತ್ತು. ಬಂದ್ ಮಾಡಿದ. ರೈಲು ಹೋಯಿತು. ಕಾರು ಹೊರಡಲಿಲ್ಲ.

ಮತ್ತೆ ಪೆಡಲ್ ತುಳಿದು ಹೇಗೋ ಎಬ್ಬಿಸಿ, ಪಾಳಿ ಮುಗಿಸಿಕೊಂಡು ಗ್ಯಾರೇಜಿಗೆ ಬಂದ. ಈ ಸಲ ಮೆಕ್ಯಾನಿಕ್ ಪಂಪನ್ನೇ ಬದಲಿಸಿದ. ಹೊಸ ಪಂಪು ಹಳೆಯದಕ್ಕಿಂತ ಜೋರಾಗಿ ಪೆಟ್ರೋಲು ತಳ್ಳುತ್ತಿತ್ತು. ಬೆಳಿಗ್ಗೆ ನೋಡಿದರೆ ಇಂಜಿನ್ ಮೊದಲ ತಿರುವಿಗೇ ಎದ್ದಿತು. ಗೇಟಿನ ಬಳಿ ನೋಡಿದರೆ ಮೊದಲಿಗಿಂತ ಕಡೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

“ಅಜ್ಜಾರೆ, ಇದಕ್ಕೂ ನನ್ನ ಮಗಳಿಗೂ” ಎಂದು ಹಾಲಯ್ಯ ಶುರು ಮಾಡಿದ.

“ತಡಿ. ಆ ಇಬ್ಬರಿಗೇ ತಲೆಬುಡ ತಿಳಿದಿರಲಿಲ್ಲ. ನಿನಗೆ ಇಷ್ಟು ಬೇಗ ತಿಳಿದುಬಿಡಬೇಕೇ?” ಎಂದು ಗುರುಗಳು ಮುಂದುವರಿದರು.

ನಿಜವಾಗಿಯೂ ಅವರಿಗೆ ತಲೆಬುಡ ತಿಳಿಯಲಿಲ್ಲ. ತಣ್ಣಗಿದ್ದಾಗ ಹೊರಡುವ ಕಾರು ಬಿಸಿಯಾಗಿ ನಿಂತರೆ ಯಾಕೆ ಹೊರಡುವುದಿಲ್ಲ? ಗ್ಯಾರೇಜಿನಲ್ಲಿ ಸಾಧುವಾಗಿರುವುದು ಗೇಟಿನ ಬಳಿ ಯಾಕೆ ಹಟ ಹಿಡಿಯುತ್ತದೆ? ಪೆಟ್ರೋಲು ಸಾಲದು ಎಂದರೆ ಕಾರಿನ ಸುತ್ತ ಪೆಟ್ರೋಲಿನ ವಾಸನೆ ಯಾಕೆ? ಮೆಕ್ಯಾನಿಕ್ ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿ ನೋಡಿದ. ಒಂದು ಪ್ಲಗ್ಗು ಒದ್ದೆಯಾಗಿ ಕಪ್ಪಗಾಗಿತ್ತು. ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದ. ಯಾಕೆ ಒದ್ದೆಯಾಯಿತು ಎಂದು ಕೇಳಿಕೊಳ್ಳಲಿಲ್ಲ. ಅವನಿಗೆ ಉತ್ತರ ಮೊದಲೇ ಗೊತ್ತಿತ್ತಲ್ಲ, ಹೊಟ್ಟೆಗಿಲ್ಲ ಎಂದು. ಉತ್ತರ ಗೊತ್ತಿದ್ದವನಿಗೆ ಪ್ರಶ್ನೆ ಯಾಕೆ ಬೇಕು?

ಚಾಲಕ ತನಗೆ ತೋಚಿದ್ದನ್ನು ಮಾಡಿದ. ಗೇಟಿನ ಬಳಿ ಯಾವುದೋ ಗಾಳಿ ಸೋಕಿದೆ ಎಂದು ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದ. ನಿಂಬೆಹಣ್ಣಿಗೂ ಏನೂ ಅರ್ಥವಾಗಲಿಲ್ಲ.

ಕೊನೆಗೆ ಮೆಕ್ಯಾನಿಕ್ ಇಂಜೆಕ್ಟರುಗಳಿಗೆ ಕೈ ಹಾಕಿದ. ಇಂಜೆಕ್ಟರ್ ಎಂದರೆ ಪುಟ್ಟ ಪಿಚಕಾರಿ ಎಂದುಕೋ. ಇಂಜಿನ್ನಿನಲ್ಲಿ ನಾಲ್ಕು ಕೋಣೆ, ಕೋಣೆಗೊಂದು ಪಿಚಕಾರಿ. ಅದು ಪೆಟ್ರೋಲನ್ನು ಮಂಜಿನ ಹಾಗೆ ಸಿಂಪಡಿಸುತ್ತದೆ. ಆ ಒದ್ದೆ ಪ್ಲಗ್ಗಿನ ಕೋಣೆಯೇ ಸರಿಯಾಗಿ ಉರಿಯುತ್ತಿರಲಿಲ್ಲ. ಉರಿಯುತ್ತಿಲ್ಲ ಎಂದರೆ ಅದರ ಪಿಚಕಾರಿಯ ಮೂತಿಯಲ್ಲಿ ಕಸ ಕಟ್ಟಿರಬೇಕು, ಬಿಡಿಸಿದರೆ ಧಾರಾಳವಾಗಿ ಕೊಡುತ್ತದೆ ಎಂದು ಎಣಿಸಿದ. ಸಣ್ಣ ತಂತಿ ತೆಗೆದುಕೊಂಡು ಮೂತಿಯನ್ನು ಚೆನ್ನಾಗಿ ಕೆದಕಿದ. ಪ್ರೀತಿಯಿಂದಲೇ ಕೆದಕಿದ. ಅದರಲ್ಲಿ ಸುಳ್ಳಿಲ್ಲ.

ಆ ಸಲ ಗೇಟಿನ ಬಳಿ ನಿಂತ ಕಾರು ಏನು ಮಾಡಿದರೂ ಏಳಲಿಲ್ಲ. ಪೆಡಲ್ ತುಳಿದರೂ ಇಲ್ಲ, ನಾಲ್ಕು ಜನ ನೂಕಿದರೂ ಇಲ್ಲ. ಬಿಸಿಲು ಏರಿತು. ಪಾಳಿ ತಪ್ಪಿತು. ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಹಿಂದಕ್ಕೆ ಎಳೆದು ತಂದರು. ಹೆಂಡತಿಗೆ ಅಂದಿನಿಂದ ಮಲಗಲು ಆಗಲಿಲ್ಲ. ಮಲಗಿದರೆ ಎದೆ ಒತ್ತುತ್ತಿತ್ತು. ಗೋಡೆಗೆ ಒರಗಿ ಕುಳಿತೇ ಇದ್ದಳು. ಗಂಡ ಅವಳ ಮುಖ ನೋಡುವುದು, ಹೊರಗೆ ಬಂದು ಕಾರಿನ ಮುಖ ನೋಡುವುದು. ಎರಡೂ ಅವನಿಗೆ ಏನನ್ನೂ ಹೇಳಲಿಲ್ಲ.

ಮುಂದಿನ ಪಾಳಿ ಹತ್ತಿರ ಬಂತು. ಮದುವೆಯ ದಿನಗಳು, ಬೇರೆ ಗಾಡಿ ಒಂದೂ ಖಾಲಿ ಇರಲಿಲ್ಲ. ಬಸ್ಸಿನ ನೂಕುನುಗ್ಗಲಲ್ಲಿ ಅವಳನ್ನು ಹತ್ತಿಸುವಂತಿರಲಿಲ್ಲ. ಪಾಳಿಯ ಹಿಂದಿನ ದಿನ ಚಾಲಕ ಹೆಂಡತಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಗ್ಯಾರೇಜಿಗೆ ಬಂದ. ಮನೆಯಲ್ಲಿ ಒಬ್ಬಳನ್ನೇ ಬಿಡಲು ಅವನಿಗೆ ಧೈರ್ಯವಿರಲಿಲ್ಲ.

“ನಾಳೆಯೂ ತಪ್ಪಿದರೆ ಇವಳು ನನಗೆ ಉಳಿಯುವುದಿಲ್ಲ. ಆಗುತ್ತದೋ ಇಲ್ಲವೋ, ಒಂದು ಮಾತು ಹೇಳಿಬಿಡು” ಎಂದ. ಅವನ ಕಣ್ಣಲ್ಲಿ ನೀರು ಬಂತು.

ಮೆಕ್ಯಾನಿಕ್ ಬಾನೆಟ್ ಎತ್ತಿ ನಿಂತ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಕೈ ಚೆಲ್ಲಿದ. ಹಿಂದಿನ ಸೀಟಿನಲ್ಲಿ ಆ ಹೆಂಗಸು ಏದುಸಿರು ಬಿಡುತ್ತಿದ್ದಳು. ತುಟಿ ಒಣಗಿತ್ತು. ಕಾರಿಗಂತೂ ಏನೂ ಮಾಡಲಾಗಲಿಲ್ಲ, ಇವಳಿಗಾದರೂ ಒಂದು ಗುಟುಕು ಕೊಡೋಣ ಎಂದು ಅವನು ಮಡಕೆಯ ತಣ್ಣೀರನ್ನು ಚೊಂಬಿನ ತುಂಬ ತಂದ.

“ಕುಡಿ ತಂಗಿ, ಬಾಯಿ ಒಣಗಿದೆ.”

ಅವಳು ಚೊಂಬನ್ನು ನೋಡಿದಳು. ಕೈ ಚಾಚಲಿಲ್ಲ.

“ಬೇಡ ಅಣ್ಣ. ಬಂದವರೆಲ್ಲ ಕುಡಿ ಕುಡಿ ಅಂತಾರೆ. ನನ್ನ ಮೈಯಲ್ಲಿ ಹೋದ ನೀರು ಹೊರಗೆ ಬರುವುದಿಲ್ಲ. ಇರುವುದೇ ಹೆಚ್ಚಾಗಿ ಉಸಿರು ಕಟ್ಟಿದೆ. ನಾನು ಬಾಯಾರಿ ಸಾಯುವವಳಲ್ಲ, ಮುಳುಗಿ ಸಾಯುವವಳು.”

ಮೆಕ್ಯಾನಿಕ್ ಚೊಂಬು ಹಿಡಿದು ಹಾಗೆಯೇ ನಿಂತ. ಒಣಗಿದ ತುಟಿ ಕಂಡು ಅವನು ಬಾಯಾರಿಕೆ ಎಂದುಕೊಂಡಿದ್ದ. ನೋಡಿದವರು ಯಾರಾದರೂ ಹಾಗೆಯೇ ಎಂದುಕೊಳ್ಳುತ್ತಿದ್ದರು. ಅವನು ಚೊಂಬನ್ನು ಕೆಳಗಿಟ್ಟ. ಹೋಗಿ ಮತ್ತೆ ಆ ಪ್ಲಗ್ಗನ್ನು ಬಿಚ್ಚಿದ. ಮತ್ತೆ ಒದ್ದೆಯಾಗಿತ್ತು. ಮೂಸಿ ನೋಡಿದ. ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಈ ಸಲ ಒರೆಸಲಿಲ್ಲ.

“ಗೇಟಿನ ಬಳಿ ಪೆಡಲ್ ತುಳಿದಾಗ ಏನಾಯಿತು ಎಂದು ಈಗ ತಿಳಿಯಿತು” ಎಂದ. ಇಂಜೆಕ್ಟರ್ ಇರುವ ಕಾರುಗಳ ರೀತಿ ಬೇರೆ ಎಂದು ಅವನು ಕೇಳಿದ್ದ, ಇಷ್ಟು ದಿನ ನೆನಪಾಗಿರಲಿಲ್ಲ. ಸೆಲ್ಫ್ ಹೊಡೆಯುವಾಗ ಪೆಡಲನ್ನು ತಳದವರೆಗೆ ತುಳಿದರೆ ಪೆಟ್ರೋಲು ನಿಂತು ಬರೀ ಗಾಳಿ ಹೋಗುತ್ತದೆ. ಆ ದಿನ ಇಂಜಿನ್ ಎದ್ದದ್ದು ಹೆಚ್ಚು ಪೆಟ್ರೋಲು ಸಿಕ್ಕಿದ್ದಕ್ಕೆ ಎಂದು ಇಬ್ಬರೂ ನಂಬಿದ್ದರು. ಅದು ಎದ್ದದ್ದು ಪೆಟ್ರೋಲು ನಿಂತದ್ದಕ್ಕೆ. ನಂಬಿಕೆ ಇಷ್ಟು ತಿರುವುಮುರುವಾದರೆ ದೇವರು ಬಂದರೂ ರಿಪೇರಿ ಮಾಡಲಾರ.

ಅವನು ನಾಲ್ಕೂ ಇಂಜೆಕ್ಟರುಗಳನ್ನು ಪೆಟ್ರೋಲಿನ ಕೊಳವೆಯ ಸಮೇತ ಹೊರಗೆ ಎತ್ತಿದ. ಅವುಗಳ ಮೂತಿಯ ಕೆಳಗೆ ಒಂದು ಬಿಳಿ ಪಂಚೆ ಹಾಸಿದ. ಚಾಲಕನಿಗೆ ಚಾವಿಯನ್ನು ಅರ್ಧ ಮಾತ್ರ ತಿರುಗಿಸಲು ಹೇಳಿದ. ಪಂಪು ಗುಂಯ್ ಎಂದಿತು. ಕೊಳವೆಯ ತುಂಬ ಪೆಟ್ರೋಲು ಒತ್ತಿ ನಿಂತಿತು. ಇಂಜಿನ್ ತಿರುಗುತ್ತಿಲ್ಲ, ಪೆಟ್ರೋಲು ಯಾರಿಗೂ ಬೇಡ. ಇಂಥ ಹೊತ್ತಿನಲ್ಲಿ ನಾಲ್ಕೂ ಬಿಗಿಯಾಗಿ ಮುಚ್ಚಿಕೊಂಡು ಸುಮ್ಮನಿರಬೇಕು. ಇಂಜೆಕ್ಟರಿನ ಕೆಲಸದಲ್ಲಿ ಕೊಡುವುದು ಅರ್ಧ, ಮುಚ್ಚಿಕೊಳ್ಳುವುದು ಇನ್ನರ್ಧ. ಇಷ್ಟು ದಿನ ಅವನು ಮೊದಲ ಅರ್ಧವನ್ನೇ ಹಿಡಿದುಕೊಂಡು ಜಗ್ಗಾಡಿದ್ದ.

ಮೂವರೂ ಪಂಚೆಯನ್ನೇ ನೋಡಿದರು. ಮೂರು ಇಂಜೆಕ್ಟರುಗಳು ಒಣಗಿದ್ದವು. ಒಂದರ ಮೂತಿಯಲ್ಲಿ ಪೆಟ್ರೋಲು ಹನಿಗಟ್ಟಿತು. ಹನಿ ದಪ್ಪಗಾಗಿ ಪಂಚೆಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು ಬಿತ್ತು. ತಂತಿಯಿಂದ ಕೆದಕಿದ್ದು ಅದನ್ನೇ. ಮೊದಲು ಒಸರುತ್ತಿದ್ದದ್ದು ಈಗ ಧಾರಾಳವಾಗಿ ತೊಟ್ಟಿಕ್ಕುತ್ತಿತ್ತು.

ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಆ ಪೆಟ್ರೋಲು ಆರಿಹೋಗುತ್ತಿತ್ತು, ಅದಕ್ಕೆ ಬೆಳಿಗ್ಗೆ ತಂಟೆಯಿರಲಿಲ್ಲ. ಗೇಟಿನ ಬಳಿ ಇಂಜಿನ್ನಿಗೆ ಬೇಕಾದದ್ದು ರೈಲು ಹೋಗುವವರೆಗಿನ ಒಂದಿಷ್ಟು ವಿರಾಮ. ಆ ವಿರಾಮದಲ್ಲೇ ಇದು ತೊಟ್ಟಿಕ್ಕಿ ತೊಟ್ಟಿಕ್ಕಿ ಕೋಣೆಯನ್ನು ತುಂಬಿಸುತ್ತಿತ್ತು. ಒಳಗೆ ಕಿಡಿ ಹಾರುತ್ತಿತ್ತು. ಹೊತ್ತಿಕೊಳ್ಳಲು ಜಾಗವಿರಲಿಲ್ಲ. ಮೆಕ್ಯಾನಿಕ್ ಅದನ್ನು ತೆಗೆದು ಬೇರೆ ಇಂಜೆಕ್ಟರ್ ಕೂರಿಸಿದ. 

ಮರುದಿನ ಗೇಟು ಬಿದ್ದಿತ್ತು. ಚಾಲಕನಿಗೆ ಇಂಜಿನ್ ಬಂದ್ ಮಾಡಲು ಕೈ ಬರಲಿಲ್ಲ. ಹೆಂಡತಿಯೇ ಹಿಂದಿನಿಂದ, ಬಂದ್ ಮಾಡು, ನೋಡಿಯೇ ಬಿಡೋಣ ಎಂದಳು. ಬಂದ್ ಮಾಡಿದ. ಉದ್ದನೆಯ ಗೂಡ್ಸ್ ರೈಲು, ಮುಗಿಯುವುದೇ ಇಲ್ಲವೇನೋ ಎನ್ನಿಸುವಂತೆ ಹೋಯಿತು. ಗೇಟು ಎದ್ದಿತು. ಚಾವಿ ತಿರುಗಿಸಿದ. ಇಂಜಿನ್ ಎದ್ದಿತು. ಹೆಂಡತಿ ಪಾಳಿಗೆ ಸರಿಯಾಗಿ ಆಸ್ಪತ್ರೆ ಸೇರಿದಳು.

ಗುರುಗಳು ಕತೆ ನಿಲ್ಲಿಸಿದರು.

ಹಾಲಯ್ಯ ಹುಬ್ಬು ಗಂಟಿಕ್ಕಿ ಕುಳಿತಿದ್ದ. ಕಾರು, ಗೇಟು, ಚೊಂಬು ಎಲ್ಲ ಅವನ ತಲೆಯಲ್ಲಿ ಕಲಸಿಹೋಗಿದ್ದವು. ಒಮ್ಮೆ ತಿಳಿಯಿತು ಎನ್ನಿಸಿತು, ಒಮ್ಮೆ ಇಲ್ಲ ಎನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವನ ಮುಖ ಅರಳಿತು.

“ಗೊತ್ತಾಯಿತು ಅಜ್ಜಾರೆ. ವಚನ, ಪುರಾಣ ಎಂದು ನಾನು ಮಣಭಾರ ಹೇರಿಬಿಟ್ಟೆ. ಹಗುರಾಗಿ, ಮನಸ್ಸಿಗೆ ತಾಗುವಂತೆ ಹೇಳಬೇಕಿತ್ತು. ಕತೆ ಬಹಳ ಚೆನ್ನಾಗಿದೆ. ಇವತ್ತು ಸಂಜೆ ಅವಳನ್ನು ಕೂರಿಸಿಕೊಂಡು ಈ ಕಾರಿನ ಕತೆಯನ್ನೇ ಹೇಳಿಬಿಡಲೇ?”

ಗುರುಗಳು ನಗಲಿಲ್ಲ. ಬಯ್ಯಲೂ ಇಲ್ಲ. ಅವನ ಮುಖವನ್ನೇ ನೋಡಿ ಕೇಳಿದರು.

“ಹಾಲಯ್ಯ, ಆ ಕೂಸಿಗೆ ಶಾಂಭವಿ ಏನು ಹೆಸರಿಡಬೇಕು ಎಂದುಕೊಂಡಿದ್ದಳು?”

ಹಾಲಯ್ಯ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಹೇಳುತ್ತಲೇ ಇದ್ದ, ಒಮ್ಮೆಯೂ ಅವಳನ್ನು ಕೇಳಿರಲಿಲ್ಲ.